ಶಾಂತಿ ಸಭೆಗೂ ಮುಂಚಿನ ಸಭೆ

ಗಣೇಶನ ಮೆರವಣಿಗೆಯೋ ಈದ್ ಮಿಲಾದೋ ಹತ್ತಿರ ಬಂತೆಂದರೆ ಪೊಲೀಸ್ ಠಾಣೆಗಳಲ್ಲಿ ಶಾಂತಿ ಸಭೆ ಕರೆಯುತ್ತಾರೆ. ಎರಡೂ ಕಡೆಯ ಮುಖಂಡರು ಬಂದು, ಸಹಕರಿಸುತ್ತೇವೆ ಎಂದು ಹೇಳಿ ಹೋಗುತ್ತಾರೆ. ಅದು ಬೇಡವೆನ್ನಲಾರೆ. ಆದರೆ ಗೌರಿಬಿದನೂರು ಸೀಮೆಯ ತೊಂಡೇಬಾವಿಯಂಥ ಊರುಗಳ ನೆಮ್ಮದಿಯನ್ನು ವರ್ಷವಿಡೀ ಕಾಯುವುದು ಬೇರೆಯೇ ಸಭೆಗಳು. ಡೇರಿಯ ಬಟವಾಡೆ, ಸ್ತ್ರೀಶಕ್ತಿ ಸಂಘದ ವಾರದ ಉಳಿತಾಯ, ಕೆರೆ ಹೂಳಿನ ಮಾತುಕತೆ ಅಂಥವು.

ನಮ್ಮದು ವರ್ಷವಿಡೀ ಹರಿಯುವ ನದಿಯಿಲ್ಲದ ನಾಡು. ಉತ್ತರ ಪಿನಾಕಿನಿಯ ಪಾತ್ರದಲ್ಲಿ ನೀರಿಗಿಂತ ಮರಳು ನೋಡಿದ ದಿನಗಳೇ ಹೆಚ್ಚು. ಕೊಳವೆಬಾವಿ ಆಳಕ್ಕೆ ಇಳಿದಷ್ಟೂ ಫ್ಲೋರೈಡ್ ಕಾಟ. ಇಂಥ ನೆಲದಲ್ಲಿ ಬದುಕು ಕೈಹಿಡಿದದ್ದು ಹಾಲು ಮತ್ತು ರೇಷ್ಮೆ. ಎರಡೂ ಒಬ್ಬರಿಂದ ಆಗುವ ಕೆಲಸವಲ್ಲ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಹೋಗಿ ನೋಡಿ. ಹಿಪ್ಪುನೇರಳೆ ಬೆಳೆದು ಹುಳು ಮೇಯಿಸುವವರಲ್ಲಿ ಹೆಚ್ಚಿನವರು ಹಿಂದೂ ರೈತರು, ಗೂಡು ಕೊಂಡು ನೂಲು ಬಿಚ್ಚುವ ರೀಲರುಗಳಲ್ಲಿ ಹೆಚ್ಚಿನವರು ಮುಸ್ಲಿಮರು. ಹುಳು ಗೂಡು ಕಟ್ಟುವ ಚಂದ್ರಿಕೆಯಿಂದ ಬಿಡಿಸಿದ ಹಸಿಗೂಡನ್ನು ಮನೆಯಲ್ಲಿಟ್ಟುಕೊಂಡು ಕೂರುವಂತಿಲ್ಲ. ಚಿಟ್ಟೆ ತೂತು ಮಾಡಿ ಹೊರಬಂದರೆ ನೂಲು ಹೋಯಿತು. 2022ರ ಮಾರ್ಚಿನಲ್ಲಿ ಕರಾವಳಿಯ ಕಾಪು ಮಾರಿಗುಡಿಯ ಜಾತ್ರೆಯಿಂದ ಶುರುವಾಗಿ ರಾಜ್ಯದ ಹಲವೆಡೆ ಮುಸ್ಲಿಂ ವ್ಯಾಪಾರಿಗಳ ಬಹಿಷ್ಕಾರದ ಕೂಗು ಎದ್ದಿತಲ್ಲ, ಅದೇ ಕೂಗು ಈ ಮಾರುಕಟ್ಟೆಯಲ್ಲಿ ಗೆದ್ದರೆ ರೈತ, ರೀಲರು ಇಬ್ಬರ ಒಲೆಯೂ ಆರುತ್ತದೆ.

ಕೂಡಿ ನಡೆಯುವ ಭಕ್ತಿಯೂ ನಮ್ಮಲ್ಲಿ ಬೇಕಾದಷ್ಟಿದೆ. ಚಿಂತಾಮಣಿ ಬಳಿಯ ಮುರುಗಮಲ್ಲದ ದರ್ಗಾಕ್ಕೆ ಹರಕೆ ಹೊತ್ತು ಹೋಗುವವರಲ್ಲಿ ಹಿಂದೂಗಳು ಕಡಿಮೆಯೇನಿಲ್ಲ. ಮೊಹರಂ ಅನ್ನು ಬಾಬಯ್ಯನ ಹಬ್ಬವೆಂದೇ ಕರೆದು ಆಚರಿಸಿದ ಹಳ್ಳಿಗಳಿವು. ಇದು ಹಿರಿಯರು ಬಿಟ್ಟುಹೋದ ಆಸ್ತಿ. ಆದರೆ ಹಬ್ಬ ವರ್ಷಕ್ಕೊಮ್ಮೆ ಬರುತ್ತದೆ, ಮೊಬೈಲಿನಲ್ಲಿ ವಿಷ ದಿನಕ್ಕೆ ಹತ್ತು ಸಲ ಬರುತ್ತದೆ. ಅದನ್ನು ತಡೆಯಲು ವಾರ ವಾರ ಮುಖ ನೋಡುವ ಸಂಬಂಧ ಬೇಕು.

ಅಂಥ ಸಂಬಂಧ ಕಟ್ಟಿದ ಅನುಭವ ಈ ಸೀಮೆಗೆ ಹೊಸದಲ್ಲ. ಪಕ್ಕದ ಬಾಗೇಪಲ್ಲಿಯಲ್ಲಿ 1970ರ ದಶಕದ ಕೊನೆಯಲ್ಲಿ ಶುರುವಾದ ಅಡಾಟ್ಸ್ ಸಂಸ್ಥೆಯ ಬೆಂಬಲದಿಂದ ಕೂಲಿ ಸಂಘ ಬೆಳೆಯಿತು. ಹಳ್ಳಿಹಳ್ಳಿಯ ಕೂಲಿಕಾರರು, ತುಂಡು ಭೂಮಿಯ ರೈತರು ಒಟ್ಟಿಗೆ ಕೂತು ತಮ್ಮ ನಿಧಿಯನ್ನು ತಾವೇ ನಿಭಾಯಿಸಿದರು. ಅವರ 5,500 ಗೋಬರ್ ಗ್ಯಾಸ್ ಘಟಕಗಳ ಯೋಜನೆ 2005ರಲ್ಲಿ, ಇಂಗಾಲ ತಗ್ಗಿಸುವ ಕೆಲಸಗಳಿಗೆಂದು ಇದ್ದ ವಿಶ್ವಸಂಸ್ಥೆಯ ಶುದ್ಧ ಅಭಿವೃದ್ಧಿ ವ್ಯವಸ್ಥೆಯಲ್ಲಿ (ಸಿಡಿಎಂ) ನೋಂದಣಿಯಾಯಿತು. ಜಗಳವಾಡುತ್ತ ಕೂತ ಊರುಗಳಿಂದ ಇಂಥ ಕೆಲಸ ಆಗುತ್ತಿರಲಿಲ್ಲ.

ಸ್ವಸಹಾಯ ಸಂಘಗಳ ವಿಷಯದಲ್ಲಿ ಮಾತ್ರ ನನಗೊಂದು ಆತಂಕವಿದೆ. ಹತ್ತರಿಂದ ಇಪ್ಪತ್ತು ಹೆಂಗಸರು, ಪರಸ್ಪರ ನಂಬಿಕೆಯಿರುವವರು ಸೇರಿ ಸಂಘ ಮಾಡಿಕೊಳ್ಳಬೇಕೆಂಬುದು ಅದರ ಮೂಲ ನಿಯಮ. ಸಾಲ ಮರುಪಾವತಿಗೆ ಇದು ಒಳ್ಳೆಯದೇ. ಆದರೆ ನಂಬಿಕೆಯಿರುವವರು ಎಂದರೆ ಅಕ್ಕಪಕ್ಕದ ಮನೆಯವರು. ನಮ್ಮ ಹಳ್ಳಿಗಳಲ್ಲಿ ಅಕ್ಕಪಕ್ಕದ ಮನೆ ಎಂದರೆ ಒಂದೇ ಜಾತಿ, ಒಂದೇ ಮತ. ಹೀಗಾಗಿ ಮುಸ್ಲಿಂ ಬೀದಿಗೊಂದು, ದಲಿತರ ಕೇರಿಗೊಂದು, ಮೇಲಿನ ಬೀದಿಗೊಂದು ಸಂಘ ಹುಟ್ಟುತ್ತದೆ. ಉಳಿತಾಯ ಹೆಚ್ಚುತ್ತದೆ, ಬೀದಿಗಳ ನಡುವಿನ ದೂರ ಹಾಗೇ ಉಳಿಯುತ್ತದೆ.

ಈ ದೂರ ಕಡಿಮೆ ಮಾಡಬಲ್ಲದ್ದು ಸ್ವಸಹಾಯ ಸಂಘಗಳನ್ನು ಒಗ್ಗೂಡಿಸುವ ಸಂಜೀವಿನಿ ಯೋಜನೆಯ ಗ್ರಾಮ ಪಂಚಾಯಿತಿ ಮಟ್ಟದ ಒಕ್ಕೂಟ. ಬೇರೆ ಬೇರೆ ಬೀದಿಯ ಸಂಘಗಳು ಅಲ್ಲಿ ಒಟ್ಟಿಗೆ ಸೇರುತ್ತವೆ. ಒಕ್ಕೂಟವನ್ನು ಸಾಲ ಹಂಚುವ ಕಚೇರಿಯಾಗಿ ಮಾತ್ರ ಉಳಿಸಬೇಡಿ ಎಂದು ಪಂಚಾಯಿತಿಯವರನ್ನೂ, ಒಕ್ಕೂಟದ ಅಕ್ಕಂದಿರನ್ನೂ ಕೇಳಿಕೊಳ್ಳುತ್ತೇನೆ. ಅಧ್ಯಕ್ಷ ಸ್ಥಾನ ಬೀದಿಯಿಂದ ಬೀದಿಗೆ ಸರದಿಯ ಮೇಲೆ ಹೋಗಲಿ. ಸಭೆಯೂ ಒಂದು ತಿಂಗಳು ದಲಿತರ ಕೇರಿಯಲ್ಲಿ, ಮುಂದಿನ ತಿಂಗಳು ಮಸೀದಿ ಬೀದಿಯಲ್ಲಿ ಸೇರಲಿ. ಲೆಕ್ಕಪುಸ್ತಕವನ್ನು ಎಲ್ಲರೆದುರು ಗಟ್ಟಿಯಾಗಿ ಓದಿ. ಕುಡಿಯುವ ನೀರಿನ ಘಟಕದ ಉಸ್ತುವಾರಿಯನ್ನು ಎರಡು ಬೀದಿಯ ಸಂಘಗಳಿಗೆ ಜೋಡಿಯಾಗಿ ವಹಿಸಿ. ಇದಕ್ಕೆ ಸರ್ಕಾರದ ಹೊಸ ಆದೇಶಕ್ಕಾಗಿ ಕಾಯಬೇಕಾಗಿಲ್ಲ, ಮುಂದಿನ ತಿಂಗಳ ಸಭೆಯಲ್ಲೇ ತೀರ್ಮಾನಿಸಬಹುದು.