ಪೊಟ್ಟಣದೊಳಗೆ ನುಸುಳುವ ಗಾಳಿ

ಊರಿನಿಂದ ಬಂದ ಚಟ್ನಿಪುಡಿಯ ಪೊಟ್ಟಣದ ಬಾಯಿ ಭದ್ರವಾಗಿಯೇ ಇರುತ್ತದೆ. ಒಳಗಿನ ಕೊಬ್ಬರಿ ಮಾತ್ರ ಕಮಟು ಹಿಡಿದಿರುತ್ತದೆ. ಹಪ್ಪಳ ಮೆತ್ತಗಾಗಿರುತ್ತದೆ; ಕಾಫಿಪುಡಿಯ ಘಮ ಪೆಟ್ಟಿಗೆಯ ಸೀರೆಗಳಿಗೆ ಅಂಟಿರುತ್ತದೆ. ಹೊರನಾಡಿನಲ್ಲಿ ಸಂಸಾರ ಹೂಡಿದ ನಮಗೆಲ್ಲ ಪರಿಚಿತವಾದ ಈ ಸಂಕಟಕ್ಕೆ ನಾವು ದೂರುವುದು ಪೊಟ್ಟಣ ಕಟ್ಟಿದ ಕೈಯನ್ನು. ಅನೇಕ ವೇಳೆ ದೂರಬೇಕಾದದ್ದು ಪ್ಲಾಸ್ಟಿಕ್ಕಿನ ಜಾತಿಯನ್ನು.

ನಾನಿರುವ ಮೋಲ್ನ್‌ಡಾಲ್, ಗೋಥೆನ್‌ಬರ್ಗಿನ ದಕ್ಷಿಣಕ್ಕೆ ಅಂಟಿಕೊಂಡ ಊರು. ಹಿಂದೆ ಇಲ್ಲಿಯ ಹೊಳೆಯ ಧುಮುಕಿನ ಬಲದಿಂದ ಗಿರಣಿಗಳೂ ಕಾಗದದ ಕಾರ್ಖಾನೆಗಳೂ ನಡೆದವು. ಇಂದು ಇಲ್ಲಿ ಸ್ವೀಡನ್ ಸರ್ಕಾರದ ಒಡೆತನದ ‘ರೈಸ್’ ಸಂಶೋಧನಾ ಸಂಸ್ಥೆಯ ಪ್ರಯೋಗಾಲಯಗಳಿವೆ. ಪ್ಲಾಸ್ಟಿಕ್ ಹಾಳೆ ಎಷ್ಟು ಗಾಳಿಯನ್ನು, ಎಷ್ಟು ತೇವವನ್ನು ಒಳಬಿಡುತ್ತದೆಂದು ಅಳೆಯುವುದು ಇಂಥ ಸಂಸ್ಥೆಗಳ ಕೆಲಸಗಳಲ್ಲೊಂದು.

ರಂಧ್ರವೇ ಇಲ್ಲದ ಹಾಳೆಯಲ್ಲಿ ಗಾಳಿ ನುಸುಳುವುದೆಂತು? ಅನಿಲದ ಕಣಗಳು ಹಾಳೆಯ ಒಂದು ಮೈಯಲ್ಲಿ ಕರಗಿ, ಅಣುಸರಪಳಿಗಳ ಸಂದಿನಲ್ಲಿ ದಾರಿ ಮಾಡಿಕೊಂಡು, ಇನ್ನೊಂದು ಮೈಯಲ್ಲಿ ಹೊರಬರುತ್ತವೆ. ತೇವವನ್ನಳೆಯುವ ಹಳೆಯ ವಿಧಾನ ಅಡುಗೆಮನೆಯವರಿಗೂ ಅರ್ಥವಾಗುವಂಥದು. ಬಟ್ಟಲಿನಲ್ಲಿ ನೀರು ಹೀರುವ ಲವಣವನ್ನಿಟ್ಟು, ಬಾಯಿಗೆ ಹಾಳೆಯನ್ನು ಬಿಗಿದು, 38 ಡಿಗ್ರಿ ಶಾಖ ಮತ್ತು ಶೇಕಡಾ 90ರ ತೇವವಿರುವ ಪೆಟ್ಟಿಗೆಯಲ್ಲಿಡುತ್ತಾರೆ. ನಮ್ಮ ಕರಾವಳಿಯ ಸೆಕೆಯನ್ನೂ ಮೀರಿಸುವ ಹವೆ ಅದು. ಆಗಾಗ ತೂಗಿದಾಗ ಹೆಚ್ಚಿದ ತೂಕವೇ ಒಳನುಗ್ಗಿದ ನೀರು. ಆಮ್ಲಜನಕಕ್ಕಾದರೆ ಹಾಳೆಯ ಒಂದು ಬದಿಗೆ ಅದನ್ನೂ ಇನ್ನೊಂದು ಬದಿಗೆ ಸಾರಜನಕವನ್ನೂ ಹರಿಸಿ, ದಾಟಿ ಬಂದದ್ದನ್ನು ಸೂಕ್ಷ್ಮಯಂತ್ರದಿಂದ ಎಣಿಸುತ್ತಾರೆ.

ಫಲಿತಾಂಶ ಸ್ವಾರಸ್ಯಕರ. ಸಾಮಾನ್ಯ ಪಾಲಿಥೀನ್ ತೇವವನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಅದರ ತೆಳು ಹಾಳೆಯ ಒಂದು ಚದರ ಮೀಟರ್ ದಿನಕ್ಕೆ ಸಾವಿರಗಟ್ಟಲೆ ಘನ ಸೆಂಟಿಮೀಟರ್ ಆಮ್ಲಜನಕವನ್ನು ಬಿಡುತ್ತದೆ. ಕೊಬ್ಬರಿಯ ಎಣ್ಣೆ ಕಮಟುವುದು ಇದರಿಂದಲೇ. ಇ.ವಿ.ಓ.ಎಚ್. ಎಂಬ ಪ್ಲಾಸ್ಟಿಕ್ ಆಮ್ಲಜನಕಕ್ಕೆ ಗಟ್ಟಿ ಗೋಡೆ. ತೇವ ತಾಗಿದರೆ ಅದರ ಬಲ ಕುಗ್ಗುತ್ತದೆ. ಒಂದರ ಕೊರತೆಯನ್ನು ಇನ್ನೊಂದು ತುಂಬಲೆಂದೇ ಪದರಗಳನ್ನು ಸೇರಿಸುವುದು. ಮೈಸೂರಿನ ಚೆಲುವಾಂಬ ಅರಮನೆಯಲ್ಲಿ 1950ರಲ್ಲಿ ಆರಂಭವಾದ ಸಿ.ಎಫ್.ಟಿ.ಆರ್.ಐ. ಸಂಸ್ಥೆಯೂ ಆಹಾರದ ಪೊಟ್ಟಣಗಳ ಈ ವಿದ್ಯೆಯನ್ನು ಬೆಳೆಸಿದೆ.

ಆದರೆ ಬೆಸೆದ ಪದರಗಳನ್ನು ಮತ್ತೆ ಬಿಡಿಸುವುದು ಕಷ್ಟ. ಮರುಬಳಕೆಗೆ ಅದೇ ತೊಡಕು. 2025ರಲ್ಲಿ ಜಾರಿಗೆ ಬಂದ ಐರೋಪ್ಯ ಒಕ್ಕೂಟದ ನಿಯಮವು 2030ರ ಹೊತ್ತಿಗೆ ಪೊಟ್ಟಣಗಳೆಲ್ಲ ಮರುಬಳಕೆಗೆ ಒದಗುವಂತಿರಬೇಕೆಂದು ವಿಧಿಸುತ್ತದೆ, ಕೆಲವು ವಿನಾಯಿತಿಗಳನ್ನು ಬಿಟ್ಟು. ಒಂದೇ ಜಾತಿಯ ಪ್ಲಾಸ್ಟಿಕ್ಕಿನಿಂದ ಅಷ್ಟೇ ಗಟ್ಟಿ ಗೋಡೆ ಕಟ್ಟಬಹುದೇ? ಇಂದಿನ ಪರೀಕ್ಷೆಗಳ ಮುಂದಿರುವ ದೊಡ್ಡ ಪ್ರಶ್ನೆ ಅದು. ಕಸವೂ ಬೇಡ, ಅನ್ನ ಕೆಡುವುದೂ ಬೇಡ ಎನ್ನುವುದು ಸುಲಭದ ಹಟವಲ್ಲ.

ಅದುವರೆಗೆ ನಾವು ಮಾಡಬಹುದಾದದ್ದಿಷ್ಟು: ಎಣ್ಣೆಯಂಶದ ಪುಡಿಗಳನ್ನು ತೆಳು ಪಾಲಿಥೀನ್ ಚೀಲದಲ್ಲಿ ತರದೆ, ಅಲ್ಯೂಮಿನಿಯಂ ಪದರದ ಚೀಲದಲ್ಲಿ ಗಾಳಿ ಹಿಂಡಿ ಮುಚ್ಚಿಸಿರಿ, ಮನೆ ಸೇರಿದೊಡನೆ ಬಿಗಿಮುಚ್ಚಳದ ಗಾಜಿನ ಭರಣಿಗೆ ಸುರಿದು ತಂಪಿನಲ್ಲಿಡಿರಿ. ಗಾಜು ಗಾಳಿಯನ್ನು ಬಿಡದು. ಮುಚ್ಚಳ ಮಾತ್ರ ಸರಿಯಿರಬೇಕು.

ಊರಿನಲ್ಲಿ ಹುರಿದು ಕುಟ್ಟಿ ಕಳುಹಿಸುವ ಕೈಗಳಿಗೆ ವಯಸ್ಸಾಗುತ್ತಿದೆ, ಬಂಧುಗಳೇ. ಆ ಪೊಟ್ಟಣಗಳು ಇನ್ನೆಷ್ಟು ಬಂದಾವು? ಬಂದಷ್ಟೂ ಕೆಡದಂತೆ ಉಣ್ಣುವುದು ಆ ಕೈಗಳಿಗೆ ನಾವು ಸಲ್ಲಿಸುವ ಮರ್ಯಾದೆ.