ಹದಿನಾಲ್ಕು ತುಂಬಿದ ಬಾಲಿಕೆಯೂ ಸರಕಾರದ ಬೊಕ್ಕಸವೂ

ಸ್ಮರಣ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯ ಲೇಖನವೆಂದರೆ ಪರೀಕ್ಷೆಯ ಫಲಿತಾಂಶ, ಬಹುಮಾನಗಳು, ಕಟ್ಟಡದ ನಿಧಿ ಇವುಗಳ ವರದಿಯೇ ಇರಬೇಕೆಂದು ವಾಚಕರು ಎಣಿಸುವುದು ವಾಡಿಕೆ. ಆ ವರದಿಯು ಈ ಸಂಚಿಕೆಯಲ್ಲಿಯೇ ಬೇರೊಂದೆಡೆ ಅಚ್ಚಾಗಿರುವುದು. ಇಲ್ಲಿ ನಾವು ಹಳೆಯ ವಿದ್ಯಾರ್ಥಿನಿಯರ ಮುಂದೆಯೂ ಪೋಷಕರ ಮುಂದೆಯೂ ಇಡಬಯಸುವುದು ಹಣದ ವಿಷಯವೇ ಆದರೂ, ಶಾಲೆಯ ಪೆಟ್ಟಿಗೆಯ ಹಣವಲ್ಲ. ನಾವೆಲ್ಲರೂ ತೆರಿಗೆಯಾಗಿ ತೆತ್ತು ಸರಕಾರದ ಬೊಕ್ಕಸದಲ್ಲಿ ಕೂಡಿಟ್ಟ ಹಣ. ಬಡವರ ಮನೆಯ ಬಾಲಿಕೆಯನ್ನು ಆ ಹಣವು ಎಲ್ಲಿಯವರೆಗೆ ಕೈಹಿಡಿದು ನಡೆಸುತ್ತದೆ, ಯಾವ ಹೊಸ್ತಿಲಲ್ಲಿ ಕೈಬಿಡುತ್ತದೆ ಎಂಬುದನ್ನು ಕುರಿತು ನಾಲ್ಕು ಮಾತು ಹೇಳಬೇಕಾಗಿದೆ.

ಕೆಲವು ವರ್ಷಗಳ ಹಿಂದೆ, ದಸರೆಯ ರಜೆ ಕಳೆದು ಶಾಲೆ ತೆರೆದ ವಾರದಲ್ಲಿ, ೯ನೆಯ ತರಗತಿಯ ಬಾಲಿಕೆಯೊಬ್ಬಳ ತಾಯಿ ನಮ್ಮ ಕೊಠಡಿಗೆ ಬಂದರು. “ಅಮ್ಮಾವ್ರೇ, ಇವಳ ಟಿ.ಸಿ. ಕೊಟ್ಟುಬಿಡಿ” ಎಂದರು. ಪೇಟೆಯಲ್ಲಿ ಒಂದು ಮನೆಯವರು ಕೂಸನ್ನು ನೋಡಿಕೊಳ್ಳಲು ಹುಡುಗಿ ಬೇಕೆಂದಿದ್ದರಂತೆ. ಮಕ್ಕಳನ್ನು ಕೆಲಸಕ್ಕೆ ಇಡುವುದು ಅಪರಾಧವೆಂದು ನಿಮಗೆ ತಿಳಿಯದೇ ಎಂದು ನಾವು ತುಸು ಗಡುಸಾಗಿಯೇ ಕೇಳಿದೆವು. ಅದಕ್ಕೆ ಆಕೆ ಮೆಲ್ಲನೆ, “ಇವಳಿಗೆ ಹದಿನಾಲ್ಕು ತುಂಬಿತಲ್ಲಮ್ಮಾ” ಎಂದರು. ಸ್ವಲ್ಪ ತಡೆದು ಮತ್ತೆ ಹೇಳಿದರು: “ಮಧ್ಯಾಹ್ನ ಇಲ್ಲಿ ಉಣ್ಣುತ್ತಾಳೆ ಎನ್ನುವ ಧೈರ್ಯದ ಮೇಲೆ ಇಷ್ಟು ದಿನ ಕಳುಹಿಸಿದೆ. ರಜೆ ಬಂದರೆ ಆ ಊಟವೂ ಇಲ್ಲ. ರಜೆಯಲ್ಲಿ ಆ ಮನೆಗೆ ಬಿಟ್ಟಿದ್ದೆ. ಅಲ್ಲಿಯೇ ಇರಲಿ ಎನ್ನುತ್ತಾರೆ.” ಆ ಪತ್ರವನ್ನು ಬರೆಯದೆ ನಾವು ದಿನ ತಳ್ಳಿದೆವು, ಮನೆಗೆ ಹೇಳಿಕಳುಹಿಸಿದೆವು. ಬಾಲಿಕೆಯು ಎರಡು ವಾರ ಬಂದಳು, ಆಮೇಲೆ ಬರಲಿಲ್ಲ. ಪತ್ರವನ್ನು ಕೇಳಲು ಪುನಃ ಯಾರೂ ಬರಲಿಲ್ಲ.

ಆ ತಾಯಿಯ ಮಾತು ಕಿವಿಗೆ ಕಠಿಣವಾಗಿ ತೋರಬಹುದು. ಆದರೆ ವಿಚಾರಿಸಿ ನೋಡಿದರೆ ಅದು ನಮ್ಮ ದೇಶದ ಶಾಸನಗಳ ಮಾತೇ ಆಗಿತ್ತು. ೨೦೦೨ರ ೮೬ನೆಯ ತಿದ್ದುಪಡಿಯಿಂದ ಸಂವಿಧಾನದಲ್ಲಿ ಸೇರಿದ ಶಿಕ್ಷಣದ ಮೂಲಭೂತ ಹಕ್ಕು ೬ರಿಂದ ೧೪ ವಯಸ್ಸಿನವರೆಗೆ ಮಾತ್ರ ಸಲ್ಲುತ್ತದೆ. ೨೦೧೦ರ ಏಪ್ರಿಲ್ ೧ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯು ೮ನೆಯ ತರಗತಿಯಲ್ಲಿ ನಿಲ್ಲುತ್ತದೆ. ೨೦೧೩ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯು ಶಾಲೆಯ ಮಧ್ಯಾಹ್ನದ ಊಟವನ್ನು ಮಕ್ಕಳ ಹಕ್ಕೆಂದು ಒಪ್ಪಿಕೊಂಡಿತು. ಅದೂ ೮ನೆಯ ತರಗತಿಯಲ್ಲಿಯೇ ನಿಲ್ಲುತ್ತದೆ. ಬಾಲಕಾರ್ಮಿಕ ಕಾಯಿದೆಯಾದರೋ, ೨೦೧೬ರ ತಿದ್ದುಪಡಿಯಾದ ಬಳಿಕ, ೧೪ ತುಂಬದವರ ದುಡಿಮೆಯನ್ನು ಕೆಲವು ವಿನಾಯಿತಿಗಳ ಹೊರತು ನಿಷೇಧಿಸಿ, ೧೪ ತುಂಬಿದವರನ್ನು ಅಪಾಯಕರವಾದ ಕೆಲಸಗಳಿಂದ ಮಾತ್ರ ದೂರವಿಡುತ್ತದೆ. ಹೀಗೆ ನಾಲ್ಕು ಕಡೆಯ ಆಸರೆಯೂ ಹೆಚ್ಚುಕಡಮೆ ಒಂದೇ ಹುಟ್ಟುಹಬ್ಬದ ಸುಮಾರಿಗೆ ಬಾಲಿಕೆಗೆ ತಪ್ಪಿಹೋಗುತ್ತದೆ.

ಬಡತನವು ಆ ಹುಟ್ಟುಹಬ್ಬವನ್ನು ಲೆಕ್ಕಿಸುವುದಿಲ್ಲ. ಬೆಳೆಯುವ ಮೈಗೆ ಅನ್ನವೂ ಬಟ್ಟೆಯೂ ಹೆಚ್ಚಾಗಿ ಬೇಕಾಗುವುದು ಆಗಲೇ. ದುಡಿದರೆ ನಾಲ್ಕು ಕಾಸು ತರುವಳೆಂಬ ಆಸೆ ಮನೆಯವರಿಗೆ ಹುಟ್ಟುವುದು ಆಗಲೇ. ಮದುವೆಯ ಮಾತು ಎದ್ದೇಳುವುದೂ ಆಗಲೇ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ೨೦ರಿಂದ ೨೪ ವಯಸ್ಸಿನ ಸ್ತ್ರೀಯರ ಪೈಕಿ ನೂರಕ್ಕೆ ೨೧ ಮಂದಿಗೆ ೧೮ ತುಂಬುವ ಮೊದಲೇ ವಿವಾಹವಾಗಿತ್ತು. ೧೫ರಿಂದ ೪೯ ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು ೪೮ ಮಂದಿ ರಕ್ತಹೀನತೆಯಿಂದ ನರಳುತ್ತಿದ್ದರು. ಎಂಟು ವರ್ಷ ಪುಸ್ತಕ, ಊಟ, ಉಪಾಧ್ಯಾಯರ ಸಂಬಳವೆಂದು ಬೊಕ್ಕಸವು ವೆಚ್ಚ ಮಾಡಿ ಬೆಳೆಯಿಸಿದ ಫಸಲನ್ನು ಕೊಯ್ಲಿನ ಹೊತ್ತಿಗೆ ಬೇಲಿ ತೆಗೆದು ಬಿಟ್ಟಂತಾಗುವುದು. ಇದು ದಯೆಯ ಕೊರತೆ ಮಾತ್ರವಲ್ಲ, ಲೆಕ್ಕದಲ್ಲಿಯೂ ನಷ್ಟವೇ.

ನಮ್ಮ ರಾಜ್ಯವು ಈ ವಿಷಯದಲ್ಲಿ ಮಾಡಿರುವ ಒಳ್ಳೆಯ ಕೆಲಸವನ್ನು ಹೇಳದಿದ್ದರೆ ಅನ್ಯಾಯವಾದೀತು. ೨೦೦೨ರಲ್ಲಿ ಈಶಾನ್ಯ ಭಾಗದ ೭ ಜಿಲ್ಲೆಗಳಲ್ಲಿ ೫ನೆಯ ತರಗತಿಯವರೆಗಿನ ಮಕ್ಕಳಿಗೆಂದು ಮೊದಲಾದ ಅಕ್ಷರ ದಾಸೋಹವು, ವರ್ಷವರ್ಷಕ್ಕೆ ಬೆಳೆದು, ೨೦೦೭-೦೮ರಲ್ಲಿ ಪ್ರೌಢಶಾಲೆಯ ಮಕ್ಕಳನ್ನೂ ಒಳಗೊಂಡಿತು. ಕೇಂದ್ರ ಸರಕಾರವು ೮ನೆಯ ತರಗತಿಯವರೆಗೆ ಮಾತ್ರ ತನ್ನ ಪಾಲನ್ನು ಕೊಡುತ್ತದೆ. ೯ ಮತ್ತು ೧೦ನೆಯ ತರಗತಿಗಳ ಊಟದ ಭಾರವೆಲ್ಲ ರಾಜ್ಯದ್ದೇ. ೨೦೧೩ರ ಆಗಸ್ಟ್ ೧ರಂದು ಕ್ಷೀರಭಾಗ್ಯವು ಆರಂಭವಾಯಿತು. ಆ ಬಳಿಕ ಮೊಟ್ಟೆಯೂ, ಮೊಟ್ಟೆ ಒಲ್ಲದವರಿಗೆ ಬಾಳೆಯ ಹಣ್ಣೂ ಬಂದವು. ನಮ್ಮಂತಹ ಅನುದಾನಿತ ಶಾಲೆಗಳ ಮಕ್ಕಳಿಗೂ ಇವೆಲ್ಲ ದೊರೆತಿವೆ. ಮಧ್ಯಾಹ್ನದ ಗಂಟೆಯಾದೊಡನೆ ನಮ್ಮ ಜಗಲಿಯಲ್ಲಿ ಸಾಲಾಗಿ ಕುಳಿತು ಉಣ್ಣುವ ಬಾಲಿಕೆಯರನ್ನು ನೋಡಿದಾಗ, ಇವರಲ್ಲಿ ಎಷ್ಟು ಮಂದಿ ಈ ಊಟದ ದೆಸೆಯಿಂದಲೇ ೧೦ನೆಯ ತರಗತಿಯನ್ನು ಮುಟ್ಟಿದರೋ ಎಂದು ನಾವು ಎಣಿಸುವುದುಂಟು.

ಆದರೂ ಈ ಎರಡು ತರಗತಿಗಳ ಊಟಕ್ಕೆ ಆಹಾರ ಭದ್ರತಾ ಕಾಯಿದೆಯ ಆಧಾರವಿಲ್ಲ. ವರ್ಷವರ್ಷದ ಮುಂಗಡಪತ್ರದಲ್ಲಿ ಬರೆದಷ್ಟು ದಿನ ಅದು ಇರುತ್ತದೆ. ಹಾಗೆ ಬರೆದದ್ದು ಅಳಿಯುವುದೂ ಉಂಟೆಂಬುದಕ್ಕೆ ದೂರ ಹೋಗಬೇಕಾದುದಿಲ್ಲ. ೨೦೦೬-೦೭ರಲ್ಲಿ ೮ನೆಯ ತರಗತಿಯ ಬಾಲಿಕೆಯರಿಗೆ ಸೈಕಲ್ ಕೊಡುವ ಯೋಜನೆ ಬಂದಾಗ ಹಳ್ಳಿಗಳಿಂದ ನಮ್ಮಂತಹ ಶಾಲೆಗಳಿಗೆ ಬರುವ ಮಕ್ಕಳಿಗೆ ಎಷ್ಟು ಅನುಕೂಲವಾಯಿತೆಂಬುದನ್ನು ನಿಮ್ಮಲ್ಲಿ ಕೆಲವರು ಸ್ವತಃ ಬಲ್ಲಿರಿ. ೨೦೨೦ರ ಕೋವಿಡ್ ಕಾಲದಲ್ಲಿ ಅದು ನಿಂತುಹೋಯಿತು. ೨೦೨೩ರ ಜೂನ್ ೧೧ರಿಂದ ಸ್ತ್ರೀಯರಿಗೆ ಸರಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ದೊರೆತದ್ದು ನಿಜ. ಆದರೆ ಬಸ್ಸು ಹೋಗದ ಊರಿನ ಬಾಲಿಕೆಗೆ ಅದರಿಂದ ಏನು ಪ್ರಯೋಜನ?

ಇದಕ್ಕಿಂತಲೂ ಹಳೆಯದಾದ ಒಂದು ದೃಷ್ಟಾಂತವು ಉಪಾಧ್ಯಾಯರೆಲ್ಲರೂ ನೆನಪಿಡತಕ್ಕದ್ದು. ೧೯೨೦ರಲ್ಲಿ ಮದರಾಸಿನ ನಗರಸಭೆಯು, ಸರ್ ಪಿ. ತ್ಯಾಗರಾಯ ಚೆಟ್ಟಿಯವರು ಅಧ್ಯಕ್ಷರಾಗಿದ್ದಾಗ, ಥೌಸೆಂಡ್ ಲೈಟ್ಸ್ ಎಂಬಲ್ಲಿನ ತನ್ನ ಶಾಲೆಯಲ್ಲಿ ಮಗುವೊಂದಕ್ಕೆ ದಿನಕ್ಕೆ ಒಂದು ಆಣೆ ಮೀರದಂತೆ ಉಪಾಹಾರವನ್ನು ಕೊಡಲು ತೊಡಗಿತು. ಮಕ್ಕಳ ಸಂಖ್ಯೆ ಹೆಚ್ಚಿತು. ಇನ್ನೂ ಕೆಲವು ಶಾಲೆಗಳಿಗೆ ಅದು ವಿಸ್ತರಿಸಿತು. ಅಷ್ಟರಲ್ಲಿ, ಪ್ರಾಥಮಿಕ ಶಿಕ್ಷಣದ ನಿಧಿಯಿಂದ ಊಟಕ್ಕೆ ವೆಚ್ಚ ಮಾಡಕೂಡದೆಂದು ಬ್ರಿಟಿಷ್ ಸರಕಾರವು ಆಕ್ಷೇಪಿಸಿತು. ೧೯೨೫ರ ಏಪ್ರಿಲ್ ೧ರಿಂದ ಉಪಾಹಾರವು ನಿಂತಿತು; ಮಕ್ಕಳೂ ಶಾಲೆ ಬಿಟ್ಟರು. ಅಕ್ಷರಕ್ಕೆ ಒಂದು ನಿಧಿ, ಅನ್ನಕ್ಕೆ ಇನ್ನೊಂದು ನಿಧಿ ಎಂಬ ವಿಭಾಗವು ಕಚೇರಿಯ ಪುಸ್ತಕದಲ್ಲಿದೆಯೇ ಹೊರತು ಮಗುವಿನ ಹೊಟ್ಟೆಯಲ್ಲಿಲ್ಲವೆಂಬುದು ಆಗಿನವರಿಗೆ ಹೊಳೆಯಲಿಲ್ಲ. ೧೯೫೬ರಲ್ಲಿ ಕಾಮರಾಜರೂ ೧೯೮೨ರಲ್ಲಿ ಎಂ. ಜಿ. ರಾಮಚಂದ್ರನ್ನರೂ ಆ ಪಾಠವನ್ನು ಪುನಃ ಕಲಿಸಬೇಕಾಯಿತು.

ಹೀಗಿರಲು ದಾನಿಗಳಿಂದ ಈ ಕೊರತೆಯನ್ನು ತುಂಬಿಸಿಕೊಳ್ಳಬಾರದೇ ಎಂದು ನಮ್ಮ ಹಳೆಯ ವಿದ್ಯಾರ್ಥಿನಿಯರು ಪ್ರೀತಿಯಿಂದ ಕೇಳುವುದುಂಟು. ದಾನದ ಮಹಿಮೆಯನ್ನು ಮಿಷನ್ ಶಾಲೆಯಲ್ಲಿ ಬೆಳೆದ ನಾವು ಅಲ್ಲಗಳೆಯಲಾರೆವು. ೧೮೭೬–೭೮ರ ಧಾತು-ಈಶ್ವರ ಸಂವತ್ಸರಗಳ ಕ್ಷಾಮದಲ್ಲಿ ದಿಕ್ಕಿಲ್ಲದೆ ಉಳಿದ ಮಕ್ಕಳನ್ನು ಮಿಷನರಿಗಳು ಅನಾಥಾಲಯಗಳಲ್ಲಿ ಸಲಹಿದರು. ಆದರೆ ಅದೇ ಕಾಲದ ಜನಗಣತಿಯನ್ನೂ ನೋಡಬೇಕು. ೧೮೭೧ರಲ್ಲಿ ೫೦ ಲಕ್ಷಕ್ಕೆ ಮೀರಿದ್ದ ಮೈಸೂರು ಸೀಮೆಯ ಜನಸಂಖ್ಯೆಯು ೧೮೮೧ರಲ್ಲಿ ೪೨ ಲಕ್ಷಕ್ಕೂ ಕಡಮೆಯಾಗಿತ್ತು. ದಾನವು ತನ್ನ ಬಾಗಿಲಿಗೆ ಬಂದವರನ್ನು ಉಳಿಸಿತು. ಬಾಗಿಲಿಗೆ ಬರಲಾರದವರನ್ನು ಉಳಿಸುವ ಶಕ್ತಿ ಅದಕ್ಕೆ ಇರಲಿಲ್ಲ. ಈಗಲೂ ನೋಡಿರಿ: ೨೦೨೪ರ ಸೆಪ್ಟೆಂಬರಿನಿಂದ ಮಕ್ಕಳಿಗೆ ವಾರಕ್ಕೆ ೬ ಮೊಟ್ಟೆ ದೊರೆಯುವಂತಾದದ್ದು, ಅವುಗಳಲ್ಲಿ ೪ರ ವೆಚ್ಚವನ್ನು ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವು ವಹಿಸಿಕೊಂಡದ್ದರಿಂದ. ಸುಮಾರು ೧,೫೦೦ ಕೋಟಿ ರೂಪಾಯಿಯ ಆ ಔದಾರ್ಯಕ್ಕೆ ನಾವು ಕೃತಜ್ಞರು. ಆದರೆ ಒಪ್ಪಂದವು ೩ ವರ್ಷಗಳದ್ದು. ಮಕ್ಕಳು ನಾಲ್ಕನೆಯ ವರ್ಷವೂ ಹುಟ್ಟುತ್ತಾರೆ, ಬೆಳೆಯುತ್ತಾರೆ.

ಪುಕ್ಕಟೆ ಕೊಟ್ಟರೆ ಜನರು ಸೋಮಾರಿಗಳಾಗುತ್ತಾರೆಂದೂ ಬೊಕ್ಕಸವು ಬರಿದಾಗುತ್ತದೆಂದೂ ಹೇಳುವ ಪೋಷಕರಿದ್ದಾರೆ. ಮೊದಲನೆಯ ಮಾತಿಗೆ ನಮ್ಮ ಉತ್ತರವಿಷ್ಟೆ: ಹಸಿದ ಬಾಲಿಕೆಯು ನಾಲ್ಕನೆಯ ಪಾಠದ ಹೊತ್ತಿಗೆ ಬೀಜಗಣಿತದ ಹಲಗೆಯ ಮುಂದೆ ತೂಕಡಿಸುವುದನ್ನು ನಾವು ಕಂಡಿದ್ದೇವೆ, ಉಂಡವಳು ಸೋಮಾರಿಯಾದದ್ದನ್ನು ಕಂಡಿಲ್ಲ. ಎರಡನೆಯದಕ್ಕೆ ಲೆಕ್ಕವನ್ನೇ ಹೇಳಬೇಕು. ಧಾನ್ಯ ಮತ್ತು ಅಡಿಗೆಯವರ ಸಂಭಾವನೆಯನ್ನು ಬಿಟ್ಟು, ಬೇಳೆ, ತರಕಾರಿ, ಎಣ್ಣೆ, ಇಂಧನ ಮೊದಲಾದವಕ್ಕೆ ಹಿರಿಯ ಪ್ರಾಥಮಿಕ ತರಗತಿಯ ಮಗುವೊಂದಕ್ಕೆ ದಿನಕ್ಕೆ ಕೇಂದ್ರವು ಗೊತ್ತುಮಾಡಿದ ದರವು ೨೦೨೨ರ ಅಕ್ಟೋಬರಿನಿಂದ ೮ ರೂಪಾಯಿ ೧೭ ಪೈಸೆ. ಎರಡು ವರ್ಷಕ್ಕೆ ಮೀರಿ ಅದು ಕದಲಲಿಲ್ಲ. ೨೦೨೪ರ ಡಿಸೆಂಬರಿನಲ್ಲಿ ೯ ರೂಪಾಯಿ ೨೯ ಪೈಸೆಯೂ, ೨೦೨೫ರ ಮೇ ತಿಂಗಳಲ್ಲಿ ೧೦ ರೂಪಾಯಿ ೧೭ ಪೈಸೆಯೂ ಆಯಿತು. ಈ ಕೊನೆಯ ದರವನ್ನೇ ಪ್ರೌಢಶಾಲೆಗೂ ಹಿಡಿದು, ವರ್ಷಕ್ಕೆ ೨೨೦ ದಿನವೆಂದಿಟ್ಟುಕೊಂಡರೆ, ಬಾಲಿಕೆಯೊಬ್ಬಳಿಗೆ ಸುಮಾರು ೨,೨೩೭ ರೂಪಾಯಿ. ೨೦೨೩ರ ಆಗಸ್ಟಿನಲ್ಲಿ ಮೊದಲಾದ ಗೃಹಲಕ್ಷ್ಮಿ ಯೋಜನೆಯಲ್ಲಿ ಮನೆಯ ಯಜಮಾನಿಗೆ ಗೊತ್ತಾದದ್ದು ತಿಂಗಳಿಗೆ ೨,೦೦೦ ರೂಪಾಯಿ, ವರ್ಷಕ್ಕೆ ೨೪,೦೦೦. ತಾಯಿಯ ಕೈಗೆ ಹಣ ಸೇರುವುದನ್ನು ನಾವು ಆಕ್ಷೇಪಿಸುವವರಲ್ಲ; ಅದರಿಂದ ಶುಲ್ಕ ಕಟ್ಟಿದ, ಕನ್ನಡಕ ಕೊಂಡ ಮನೆಗಳನ್ನು ಬಲ್ಲೆವು. ಆದರೆ ಆ ಹಣಕ್ಕೆ ಅಂಗಡಿಯ ಸಾಲವೂ ಔಷಧಿಯೂ ಬಾಡಿಗೆಯೂ ಕಾದಿರುತ್ತವೆ. ಅದರ ಹತ್ತರಲ್ಲೊಂದು ಪಾಲಿಗೂ ಕಡಮೆಯಾದ ಈ ಊಟದ ಸಾಮಗ್ರಿಯ ಹಣವಾದರೋ ಬೇರೆಲ್ಲಿಗೂ ಹೋಗದೆ ಬಾಲಿಕೆಯ ತಟ್ಟೆಗೇ ಬರುತ್ತದೆ. ತಟ್ಟೆಯು ಶಾಲೆಯಲ್ಲಿರುವುದರಿಂದ ಬಾಲಿಕೆಯೂ ಶಾಲೆಗೆ ಬರುತ್ತಾಳೆ.

ದರವು ಬೆಲೆಯ ಹಿಂದೆ ಕುಂಟುತ್ತಾ ಬಂದಾಗ ಕೊರತೆಯನ್ನು ತುಂಬುವವರು ಯಾರು? ೨೦೨೪ರಲ್ಲಿ ಮೊಟ್ಟೆಯೊಂದಕ್ಕೆ ಗೊತ್ತಾದದ್ದು ೬ ರೂಪಾಯಿ. ಬೇಯಿಸುವ ಇಂಧನವೂ ಸುಲಿಯುವ ಕೂಲಿಯೂ ಅದರೊಳಗೇ ಆಗತಕ್ಕದ್ದು. ಚಳಿಗಾಲದಲ್ಲಿ ಪೇಟೆಯ ಧಾರಣೆ ಏರಿದಾಗ ಎಷ್ಟೋ ಶಾಲೆಗಳಲ್ಲಿ ಮುಖ್ಯೋಪಾಧ್ಯಾಯರೇ ಕೈಯಿಂದ ಹಾಕಿದರು. ಅಡಿಗೆಯವರಿಗೆಂದು ೨೦೦೯ರಲ್ಲಿ ಕೇಂದ್ರವು ಗೊತ್ತುಮಾಡಿದ ಗೌರವಧನವು ತಿಂಗಳಿಗೆ ೧,೦೦೦ ರೂಪಾಯಿ, ಅದೂ ವರ್ಷಕ್ಕೆ ೧೦ ತಿಂಗಳು; ಹದಿನೈದು ವರ್ಷ ಕಳೆದರೂ ಅದು ಅಲ್ಲಿಯೇ ನಿಂತಿತ್ತು. ರಾಜ್ಯವು ತನ್ನ ಪಾಲನ್ನು ಕೂಡಿಸಿದುದರಿಂದ ಅವರು ಹೇಗೋ ಬದುಕಿದರು. ಮಕ್ಕಳ ಬಡತನವನ್ನು ನೀಗಿಸಲೆಂದು ಬಡ ತಾಯಂದಿರಿಂದಲೇ ಅಗ್ಗದ ದುಡಿಮೆಯನ್ನು ಪಡೆಯುವುದು ಯಾವ ನ್ಯಾಯ?

ಆದಕಾರಣ ನಮ್ಮ ಅಭಿಪ್ರಾಯದಲ್ಲಿ ಕೇಳಬೇಕಾದವು ಮೂರು. ಒಂದು, ೯ ಮತ್ತು ೧೦ನೆಯ ತರಗತಿಗಳ ಊಟವು ಮುಂಗಡಪತ್ರದ ಕೃಪೆಯಾಗಿರದೆ ಶಾಸನಬದ್ಧವಾದ ಹಕ್ಕಾಗಬೇಕು. ಕೇಂದ್ರವೂ ತನ್ನ ಪಾಲನ್ನು ಕೊಡಬೇಕು. ಎರಡು, ಊಟದ ದರವು ವರ್ಷಕ್ಕೊಮ್ಮೆ ಬೆಲೆಯೊಡನೆ ತಾನಾಗಿಯೇ ಏರುವ ಏರ್ಪಾಡಾಗಬೇಕು. ಮೂರು, ರಜೆಯ ದಿನಗಳಲ್ಲಿಯೂ ಬೇಕೆಂದವರಿಗೆ ಊಟ ದೊರೆಯಬೇಕು. ಇದು ಆಗದ ಮಾತಲ್ಲ. ೨೦೨೪ರ ಬರಗಾಲದಲ್ಲಿ ನಮ್ಮ ರಾಜ್ಯದ ಬರಪೀಡಿತ ತಾಲ್ಲೂಕುಗಳಲ್ಲಿ ಬೇಸಗೆಯ ರಜೆಯಲ್ಲಿಯೂ ಬಿಸಿಯೂಟವನ್ನು ಬಡಿಸಿದರು. ಮಳೆ ಬಂದ ವರ್ಷವೂ ಕೆಲವು ಮನೆಗಳಲ್ಲಿ ಬರಗಾಲವೇ ಇರುತ್ತದೆ.

ಐದು ರೊಟ್ಟಿ ಎರಡು ಮೀನುಗಳ ಪ್ರಸಂಗವನ್ನು ನೀವೆಲ್ಲರೂ ಬೆಳಗಿನ ಪ್ರಾರ್ಥನೆಯಲ್ಲಿ ಕೇಳಿದ್ದೀರಿ. ಅಷ್ಟು ಜನಕ್ಕೆ ಎಷ್ಟು ಹಣದ ರೊಟ್ಟಿ ಬೇಕಾದೀತೆಂದು ಶಿಷ್ಯನೊಬ್ಬನು ಮೊದಲೇ ಲೆಕ್ಕ ಹಾಕಿ ಕೈಚೆಲ್ಲಿದನು. ಕರ್ತನು ಆ ಲೆಕ್ಕವನ್ನು ತಪ್ಪೆನ್ನಲಿಲ್ಲ. ಜನರನ್ನು ಸಾಲಾಗಿ ಕೂಡ್ರಿಸಿದನು, ಎಲ್ಲರೂ ಉಂಡ ಬಳಿಕ ಮಿಕ್ಕ ತುಂಡುಗಳನ್ನೂ ಕೂಡಿಸಿಡಿಸಿದನು. ಲೆಕ್ಕವು ಉಣಿಸುವುದಕ್ಕಾಗಿ ಇರಬೇಕೆಂದೂ ಉಣಿಸದಿರುವುದಕ್ಕೆ ನೆಪವಾಗಬಾರದೆಂದೂ ನಾವು ಅದರಿಂದ ತಿಳಿದುಕೊಂಡಿದ್ದೇವೆ.

ಹಳೆಯ ವಿದ್ಯಾರ್ಥಿನಿಯರೇ, ನಿಮ್ಮ ಸಂಘದ ಕಾಣಿಕೆಯನ್ನು ನಾವು ಬೇಡವೆನ್ನುವುದಿಲ್ಲ. ಅನುದಾನಿತ ಶಾಲೆಯ ಮಕ್ಕಳಿಗೆ ಸರಕಾರದ ಪಠ್ಯಪುಸ್ತಕಗಳು ಬರುತ್ತವೆ, ಸಮವಸ್ತ್ರವು ಬರುವುದಿಲ್ಲ. ಆ ಕೊರತೆಗೆ ನಿಮ್ಮ ಹಣವು ತಕ್ಕುದು. ಊಟದ ವಿಷಯದಲ್ಲಿ ಮಾತ್ರ ನಿಮ್ಮ ಹಣಕ್ಕಿಂತ ನಿಮ್ಮ ಮಾತನ್ನು ಬೇಡುತ್ತೇವೆ. ನಿಮ್ಮಲ್ಲಿ ಅನೇಕರು ಪದವೀಧರೆಯರು, ಕೆಲವರು ಉಪಾಧ್ಯಾಯಿನಿಯರು. ವಿಧಾನ ಪರಿಷತ್ತಿನಲ್ಲಿ ಪದವೀಧರರಿಗೂ ಶಿಕ್ಷಕರಿಗೂ ಪ್ರತ್ಯೇಕ ಕ್ಷೇತ್ರಗಳಿವೆ. ಮತದಾರರ ಪಟ್ಟಿಯಲ್ಲಿ ಹೆಸರನ್ನು ಬರೆಯಿಸಿಕೊಳ್ಳಿರಿ. ಮುಂಗಡಪತ್ರವು ಸಿದ್ಧವಾಗುವ ದಿನಗಳಲ್ಲಿ ನಿಮ್ಮ ಪ್ರತಿನಿಧಿಗೆ ಒಂದು ಕಾಗದವನ್ನು ಬರೆದು, ಹದಿನಾಲ್ಕು ತುಂಬಿದ ಬಾಲಿಕೆಯ ಊಟಕ್ಕೆ ಶಾಸನವನ್ನು ಯಾವಾಗ ತರುವಿರಿ ಎಂದು ಕೇಳಿರಿ. ಪೋಷಕರೇ, ನಿಮ್ಮ ಮಗಳು ಮನೆಯಿಂದ ಡಬ್ಬಿ ತರುವವಳಾದರೂ, ಅವಳ ಪಕ್ಕದಲ್ಲಿ ಕುಳಿತವಳಿಗಾಗಿ ನೀವೂ ಕೇಳಿರಿ. ಆ ಕಾಗದದ ಬೆಲೆ ಕೆಲವೇ ರೂಪಾಯಿ. ಅದನ್ನು ಬರೆಯುವ ಮನಸ್ಸನ್ನು ದೇವರು ನಮಗೆಲ್ಲರಿಗೂ ಕೊಡಲಿ.