ಅಗ್ಗದ್ದು ತಗೋರಿ, ಆದ್ರ ಲೆಕ್ಕ ಹಾಕಿ ತಗೋರಿ

ರೆಗ್ಯುಲೇಟರ್ ಅಂದ್ರ ನಮಗ ನೆನಪಾಗೂದು ಗ್ಯಾಸಿಂದು, ಇಲ್ಲಂದ್ರ ಫ್ಯಾನಿಂದು. ಮಕ್ಕಳು ಸೈನ್ಸ್ ಮಾಡೆಲ್ ಮಾಡ್ಲಾಕ ಕೇಳೂದು ಬ್ಯಾರೆ, ಮೂರು ಕಾಲಿಂದು ಸಣ್ಣ ಕರೀ ಸಾಮಾನು. ಕೆಲಸ ಮಾತ್ರ ಗ್ಯಾಸಿನ ರೆಗ್ಯುಲೇಟರ್ ಮಾಡೂದೇ. ಅದು ಸಿಲಿಂಡರಿನ ಜೋರು ತಡದು ಒಲಿಗಿ ಬೇಕಾದಷ್ಟೇ ಬಿಡ್ತದ. ಇದು ಅಡಾಪ್ಟರಿನ 12 ವೋಲ್ಟ್ ತಡದು ಬೋರ್ಡಿಗಿ 5 ವೋಲ್ಟ್ ಬಿಡ್ತದ.

ಹುಮನಾಬಾದ್, ಬಸವಕಲ್ಯಾಣದಾಗ ಇಂಥವು ಎಲ್ಲಾ ಅಂಗಡ್ಯಾಗ ಸಿಗಲ್ಲ. ಹೈದರಾಬಾದಿಗಿ ಹೋದವರಿಗಿ ಹೇಳಿ ಕೋಠಿ ಗುಜರಾತಿ ಗಲ್ಲಿಯಿಂದ ತರಸಬೇಕು, ಇಲ್ಲಾ ಆನ್‌ಲೈನ್. ತಪ್ಪು ಬಂದ್ರ ಬದಲಿ ಮಾಡೂದು ತ್ರಾಸ. ಅದಕ್ಕ ರೊಕ್ಕ ಕೊಡೂಕಿಂತ ಮೊದಲು ಮೂರು ಮಾತು ಕೇಳ್ರಿ: ಒಳಗ ಎಷ್ಟು ವೋಲ್ಟ್? ಹೊರಗ ಎಷ್ಟು ಬೇಕು? ಎಷ್ಟು ಆಂಪಿಯರ್ ಎಳೀತದ?

ಎಲ್ಲಕ್ಕಿಂತ ಅಗ್ಗದ್ದು 7805, ಹತ್ತಿಪ್ಪತ್ತು ರೂಪಾಯಿ. ಕಡೀ ಅಂಕಿ ನೋಡಿದ್ರ ಸಾಕು: 7805 ಅಂದ್ರ 5 ವೋಲ್ಟ್, 7809 ಅಂದ್ರ 9. ಆದ್ರ ಇದು ಹೆಚ್ಚಿನ ವೋಲ್ಟ್ ಎಲ್ಲಾ ಬಿಸಿ ಮಾಡಿ ಹೊರಗ ಹಾಕ್ತದ. ಲೆಕ್ಕ ಏಳನೇತ್ತೆ ಹುಡುಗರದೇ: 12ರಾಗ 5 ಕಳದ್ರ 7. ಅರ್ಧ ಆಂಪಿಯರ್ ಎಳದ್ರ 7ರ ಅರ್ಧ, ಮೂರೂವರೆ ವ್ಯಾಟ್. ಅಷ್ಟು ಬಿಸಿ ಅಲ್ಯುಮಿನಿಯಂ ಹೀಟ್‌ಸಿಂಕ್ ಇಲ್ದೆ ತಡಿಯಲ್ಲ. ಮುಟ್ಟಿದ್ರ ಬೆರಳು ಸುಡ್ತದ, ಸ್ವಲ್ಪ ಹೊತ್ತಿಗಿ ತಾನೇ ಬಂದ್ ಆಗ್ತದ. ಒಂದೆರಡು ಎಲ್‌ಇಡಿ ಇದ್ರ ಮಾತ್ರ ಇದಕ್ಕಿಂತ ಚೊಲೊ ಇಲ್ಲ. ಲೆಕ್ಕ ಒಂದು ವ್ಯಾಟಿನ ಒಳಗ ಇದ್ರ ಕಣ್ಣು ಮುಚ್ಚಿ ತಗೋರಿ.

ಇನ್ನೊಂದು ಮಾತು. 7805ಕ್ಕ ಒಳಗ ಕಮ್ಮಿ ಅಂದ್ರೂ 7 ವೋಲ್ಟ್ ಬೇಕು. ನಾಕು ಪೆನ್ಸಿಲ್ ಸೆಲ್ ಜೋಡಿಸಿದ್ರ ಬರೂದು 6. ಅದಕ್ಕ ಇದು ಹಚ್ಚಿದ್ರ ಸರಿಯಾಗಿ 5 ಬರಲ್ಲ. ಸಾಮಾನು ಕೆಟ್ಟದ ಅಂತ ಮಕ್ಕಳು ಅಳ್ತಾವ, ಕೆಟ್ಟಿದ್ದು ಏನೂ ಇಲ್ಲ.

ಮೋಟಾರ್, ಪಂಪ್ ಇದ್ರ ಎಲ್‌ಎಂ 2596 ಅಂತ ಬರೋ ಬಕ್ ಮಾಡ್ಯೂಲ್ ತಗೋರಿ. ಇದು ನಳ ಭಡಾಭಡ ತೆರದು ಮುಚ್ಚಿದಂಗ ಕೆಲಸ ಮಾಡ್ತದ, ಅದಕ್ಕ ಬಿಸಿ ಕಮ್ಮಿ. ಮ್ಯಾಲ 3 ಆಂಪಿಯರ್ ಅಂತ ಬರದಿದ್ರೂ ಅಗ್ಗದ್ದರಾಗ ಅರ್ಧಾನೇ ನಂಬ್ರಿ. ಬೋರ್ಡಿಗಿ ಹಚ್ಚೂಕಿಂತ ಮೊದಲು ಅದರ ಸ್ಕ್ರೂ ತಿರುವಿ, ಮೀಟರಿನಾಗ 5 ಬಂತಾ ನೋಡ್ಬೇಕು. ನೋಡದೆ ಹಚ್ಚಿದ್ರ ನೂರಾರು ರೂಪಾಯಿ ಬೋರ್ಡ್ ಹೋಗ್ತದ.

ಗ್ವಾಡಿ ಪ್ಲಗ್ಗಿನ 230 ವೋಲ್ಟಿಗಿ ಇವು ಯಾವೂ ನೇರ ಹಚ್ಚಬಾರದು. ನಡುವ ಅಡಾಪ್ಟರ್ ಇರಲೇಬೇಕು. ಹಳೇ ಸೆಟ್ ಟಾಪ್ ಬಾಕ್ಸಿಂದು ಮನ್ಯಾಗ ಇದ್ದೇ ಇರ್ತದ, ಮ್ಯಾಲ ಬರದಿದ್ದು ಓದಿ ಕೊಡ್ರಿ.

"ಇದೆಲ್ಲಾ ನಮಗೇನ್ ತಿಳೀತದ" ಅಂತ ಸುಮ್ನೆ ರೊಕ್ಕ ಕೊಡೂದೂ ಬ್ಯಾಡ, "ಸುಮ್ನೆ ಖರ್ಚು" ಅಂತ ಬೈಯೂದೂ ಬ್ಯಾಡ. ಸಂತ್ಯಾಗ ತೂಕ, ರೇಟು ಬಾಯಾಗೇ ಲೆಕ್ಕ ಹಾಕೋ ಹೆಣ್ಮಕ್ಕಳಿಗಿ ಒಂದು ಕಳಿಯೂದು, ಒಂದು ಗುಣಿಸೂದು ಯಾವ ದೊಡ್ಡ ಮಾತು?